ಕುರುಹು ಮತ್ತು ಅರಿವು: ಗರ್ಭಪರೀಕ್ಷೆಯ ಕುರಿತು



ದೇಹದ ಕುರುಹುಗಳನ್ನು ಕಂಡು ನಾವು ಹೆಣ್ಣು, ಗಂಡು ಎಂದು ಹೆಸರಿಡುತ್ತೇವೆ. ಒಳಗಿನ ಆತ್ಮಕ್ಕೆ ಆ ಭೇದವಿಲ್ಲ. ಇದು ಜೇಡರ ದಾಸಿಮಯ್ಯನವರ ವಚನವೊಂದರ ಸಾರ. ಇಂದು ಆ ಕುರುಹು ಗರ್ಭದೊಳಗಿರುವಾಗಲೇ ದೊರೆಯುತ್ತಿರುವುದರಿಂದ ಈ ವಚನದ ಮನನ ಮತ್ತೆ ಅವಶ್ಯವಾಗಿದೆ.

ತಾಯಿಯ ರಕ್ತದಲ್ಲಿ ಗರ್ಭಸ್ಥ ಶಿಶುವಿನ ಡಿಎನ್‌ಎ ತುಣುಕುಗಳಿರುವುದನ್ನು 1997ರಲ್ಲಿ ಡೆನ್ನಿಸ್ ಲೋ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಎನ್‌ಐಪಿಟಿ ಎಂಬ ಪರೀಕ್ಷೆಗೆ ಅದೇ ಆಧಾರ. ಹತ್ತನೆಯ ವಾರದಿಂದ ತಾಯಿಯ ರಕ್ತವನ್ನಷ್ಟೇ ತೆಗೆದು, ಶಿಶುವಿನಲ್ಲಿ 21, 18, 13ನೆಯ ವರ್ಣತಂತುಗಳು ಎರಡರ ಬದಲು ಮೂರಾಗಿರುವ ಸಂಭವವನ್ನು ಅಳೆಯುತ್ತಾರೆ. 21ನೆಯದು ಮೂರಾಗಿದ್ದರೆ ಡೌನ್ ಸಿಂಡ್ರೋಮ್. ಆದರೆ ಆ ತುಣುಕುಗಳು ಬಹುಪಾಲು ಮಾಸಿನಿಂದ ಬಂದವು, ವರದಿ ತಪ್ಪಲೂಬಹುದು. ಗರ್ಭಜಲ ಪರೀಕ್ಷೆಯಂತಹ ಇನ್ನೊಂದು ಪರೀಕ್ಷೆಯಿಂದ ದೃಢಪಡುವವರೆಗೆ ಅದು ಕುರುಹೇ ಹೊರತು ಅರಿವಲ್ಲ. ಅದೊಂದನ್ನೇ ನಂಬಿ ಗರ್ಭ ತೆಗೆಸಲು ಅವಸರಿಸುವುದು ಸಲ್ಲದು.

ಅದೇ ರಕ್ತದಿಂದ ಶಿಶು ಹೆಣ್ಣೋ ಗಂಡೋ ಎಂಬುದೂ ತಿಳಿಯುತ್ತದೆ. ಅದನ್ನು ಹೇಳುವುದೂ ಕೇಳುವುದೂ 1994ರ ಕಾಯಿದೆಯಂತೆ ಅಪರಾಧ. ಆದರೂ 2022ರ ಜೂನ್‌ನಲ್ಲಿ ನಮ್ಮ ಮೂಡಲಗಿಯ ಹಳ್ಳದಲ್ಲಿ ಏಳು ಭ್ರೂಣಗಳು ಸಿಕ್ಕವು. ಲಿಂಗಪತ್ತೆ ಮಾಡಿಸಿ ಕೊಂದಿರುವ ಶಂಕೆಯನ್ನು ಅಧಿಕಾರಿಗಳು ವ್ಯಕ್ತಪಡಿಸಿದರು. ಎಂಟನೆಯ ತಿಂಗಳಲ್ಲಿ ಗರ್ಭಸ್ಥ ಶಿಶುವಿಗೆ ಇಷ್ಟಲಿಂಗ ಧಾರಣೆ ಮಾಡುವ ಪರಂಪರೆಯವರು ನಾವು. ಮಡಿಲಿಗೆ ಬರುವ ಮುನ್ನವೇ ಶಿಶುವನ್ನು ಭಕ್ತನೆಂದು ಕಾಣುವವರ ಸೀಮೆಯಲ್ಲಿ ಇಂತಹ ಶಂಕೆ ಮೂಡಿದ್ದೇ ನಾಚಿಕೆಗೇಡು.

ಹಾಗೆಂದು ಪರೀಕ್ಷೆ ಪಾಪವಲ್ಲ. ತಿಳಿದು ಸಿದ್ಧರಾಗುವುದು ವಿವೇಕ. ದೃಢಪಟ್ಟ ಮೇಲೆ ತೀರ್ಮಾನ ತಾಯಿಯದು. ಕಾನೂನೂ ವಯಸ್ಕ ಸ್ತ್ರೀಯ ಒಪ್ಪಿಗೆಯನ್ನಷ್ಟೇ ಕೇಳುತ್ತದೆ. ಗಂಡನದಾಗಲಿ ಅತ್ತೆ-ಮಾವಂದಿರದಾಗಲಿ ಅಲ್ಲ. ಆಕೆ ಹೆರಲಾರೆನೆಂದರೆ ಹಳಿಯುವುದು ಬೇಡ. ಹೆರುವೆನೆಂದರೆ ಆ ಕೂಸನ್ನು ಪೂರ್ವಜನ್ಮದ ಕರ್ಮವೆಂದು ಆಡಿಕೊಳ್ಳುವ ನಾಲಗೆಗೆ ಶರಣಧರ್ಮದಲ್ಲಿ ಎಡೆಯಿಲ್ಲ. ಎದುರಿಗೆ ಬಂದವನನ್ನು ಪರಕೀಯನೆಂದೆಣಿಸದೆ ಮನೆಯ ಮಗನೆಂದು ಕಾಣುವ ಮನವನ್ನು ಬಸವಣ್ಣನವರು ಕೂಡಲಸಂಗಮದೇವನಲ್ಲಿ ಬೇಡಿದರು. ಡೌನ್ ಸಿಂಡ್ರೋಮ್ ಉಳ್ಳ ಅನೇಕ ಮಕ್ಕಳಿಗೆ ಹೃದಯದ ತೊಂದರೆಯಿರುತ್ತದೆ, ಕಲಿಕೆ ನಿಧಾನವಾಗಿರುತ್ತದೆ. ಅವರ ಚಿಕಿತ್ಸೆಗೆ, ಶಾಲೆಗೆ ಓಣಿಯವರೆಲ್ಲ ಕೈಗೂಡಿಸಿದರೆ ಅದೇ ದಾಸೋಹ. ಆ ಭರವಸೆ ಮೊದಲೇ ಇದ್ದರೆ ಎಷ್ಟೋ ತಾಯಂದಿರು ವರದಿಯನ್ನು ಕಂಡು ಅಂಜಲಾರರು.

ಕುರುಹನ್ನು ಯಂತ್ರ ತೋರಲಿ. ಅರಿವು ನಮ್ಮ ಆಚಾರದಲ್ಲಿ ಕಾಣಲಿ.