ಹಳೆಯ ಲ್ಯಾಪ್‌ಟಾಪು: ರಿಪೇರಿಯೋ, ಬದಲಾವಣೆಯೋ?



ಹೊಸದುರ್ಗದಲ್ಲಿರುವ ನಮ್ಮ ಅಣ್ಣನವರ ಮನೆಯಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕಾಲ ನಡೆದ ಚರ್ಚೆಯೊಂದನ್ನು ಈ ತಿಂಗಳು ತಮ್ಮ ಮುಂದಿಡಲು ಬಯಸುತ್ತೇನೆ. ಮನೆಯ ಮಾತನ್ನು ಪತ್ರಿಕೆಯಲ್ಲಿ ಬರೆಯುವುದು ಉಚಿತವೇ ಎಂದು ಅಣ್ಣನವರನ್ನು ಕೇಳಿದೆ. "ಬರಿ, ನಮ್ಮಂಥವರು ಇನ್ನೂ ಎಷ್ಟು ಮನೆಗಳಲ್ಲಿದ್ದಾರೋ" ಎಂದು ಅವರೇ ಅನುಮತಿ ಕೊಟ್ಟರು.

ಅಣ್ಣನವರ ಮಗಳು ಚಿತ್ರಕಲೆಯಲ್ಲಿ ಪದವಿ ಪಡೆದವಳು. ಮದುವೆ, ಗೃಹಪ್ರವೇಶಗಳ ಆಹ್ವಾನಪತ್ರಿಕೆ, ಪುಸ್ತಕಗಳ ಮುಖಪುಟ, ಕನ್ನಡ ಪುಟವಿನ್ಯಾಸ, ಇತ್ತೀಚೆಗೆ ಮದುವೆ ವಿಡಿಯೊಗಳ ಸಂಕಲನ, ಇವೇ ಅವಳ ಕಾಯಕ. ಇಷ್ಟೆಲ್ಲ ಕೆಲಸ ನಡೆಯುತ್ತಿದ್ದುದು 2016ರಲ್ಲಿ ಕಾಲೇಜಿಗೆ ಸೇರುವಾಗ ಕೊಡಿಸಿದ ಒಂದೇ ಲ್ಯಾಪ್‌ಟಾಪಿನಲ್ಲಿ. 2025ರ ಬೇಸಿಗೆಯ ಲಗ್ನದ ದಿನಗಳಲ್ಲಿ ಆ ಯಂತ್ರ ಕೈಕೊಟ್ಟಿತು. ಒಂದು ಕಡತ ತೆರೆಯುವಷ್ಟರಲ್ಲಿ ಕಾಫಿ ಕುಡಿದು ಬರಬಹುದಾಗಿತ್ತು. ಎರಡು ಆಹ್ವಾನಪತ್ರಿಕೆಗಳು ತಡವಾದವು. ಮೂರನೆಯ ಮನೆಯವರು ಕೆಲಸವನ್ನು ಹಿಂದಕ್ಕೆ ಪಡೆದು ದಾವಣಗೆರೆಗೆ ಒಯ್ದರು.

ಹೊಸದಕ್ಕೆ ಎಪ್ಪತ್ತು ಸಾವಿರ ರೂಪಾಯಿ ಬೇಕೆಂದು ಮಗಳು ಕೇಳಿದಳು. ತಿಪಟೂರಿನಲ್ಲಿ ಕೊಬ್ಬರಿ ಮಾರಿ ಬಂದ ಹಣವನ್ನು ಅಣ್ಣನವರು ಕೊಳವೆಬಾವಿಯ ಮೋಟಾರಿಗೆಂದು ಎತ್ತಿಟ್ಟಿದ್ದರು. "ಮೋಟಾರು ಸುಟ್ಟರೆ ತೋಟ ಒಣಗುತ್ತದೆ. ಲ್ಯಾಪ್‌ಟಾಪು ನಿಧಾನವಾದರೆ ಏನು ಒಣಗುತ್ತದೆ?" ಎಂದರು. "ನನ್ನ ಗಿರಾಕಿಗಳು ಒಣಗುತ್ತಾರೆ ಅಪ್ಪಾಜಿ" ಎಂದಳು ಮಗಳು. ನ್ಯಾಯ ಹೇಳಲು ನನ್ನನ್ನು ಕರೆದರು. ಇಬ್ಬರ ಮಾತೂ ಸರಿಯಾಗಿದ್ದಾಗ ನ್ಯಾಯ ಹೇಳುವವನ ಪಾಡು ಕಷ್ಟ.

ನಾನು ಅವಳಿಗೆ ಹೇಳಿದ್ದು ಇಷ್ಟೇ: "ಮೂರು ದಿನ ಒಂದು ನೋಟ್‌ಬುಕ್ ಪಕ್ಕದಲ್ಲಿಟ್ಟುಕೊ. ಯಂತ್ರ ನಿನ್ನನ್ನು ಕಾಯಿಸಿದಾಗಲೆಲ್ಲ ಯಾವ ಕೆಲಸದಲ್ಲಿ ಎಷ್ಟು ನಿಮಿಷ ಎಂದು ಬರೆ. ಜೊತೆಗೆ ಟಾಸ್ಕ್ ಮ್ಯಾನೇಜರನ್ನು ತೆರೆದು ಸಂಸ್ಕಾರಕ, ಮೆಮೊರಿ, ಡಿಸ್ಕ್ ಈ ಮೂರರಲ್ಲಿ ಯಾವುದು ನೂರರ ಹತ್ತಿರ ನಿಂತಿದೆ ಎಂಬುದನ್ನೂ ಬರೆ." ಎತ್ತು ಕುಂಟುತ್ತಿದೆಯೆಂದು ಗಾಡಿಯನ್ನೇ ಬದಲಿಸಿದವರನ್ನು ನಾನು ಕಂಡಿದ್ದೇನೆ. ನೋಟ್‌ಬುಕ್ಕಿನಲ್ಲಿ ತಿಳಿದುಬಂದ ಸಂಗತಿ ಸ್ಪಷ್ಟವಾಗಿತ್ತು. ಚಿತ್ರ ಬಿಡಿಸುವಾಗ ಯಂತ್ರ ಅಷ್ಟೇನೂ ಕಾಯಿಸುತ್ತಿರಲಿಲ್ಲ. ಕಡತ ತೆರೆಯುವಾಗ, ಉಳಿಸುವಾಗ, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ದಿನಕ್ಕೆ ಒಂದೂವರೆ ಗಂಟೆಯಷ್ಟು ಕಾಲ ವ್ಯರ್ಥವಾಗುತ್ತಿತ್ತು. ಆಗೆಲ್ಲ ಡಿಸ್ಕ್ ನೂರಕ್ಕೆ ನೂರು, ಮೆಮೊರಿ ತೊಂಬತ್ತರ ಮೇಲೆ.

ಇದಕ್ಕೆ ಕಾರಣವುಂಟು. ಆ ಯಂತ್ರದಲ್ಲಿದ್ದುದು 4 ಜಿಬಿ ರ‍್ಯಾಮ್. ಅದು ತುಂಬಿದೊಡನೆ ಯಂತ್ರವು ಹೆಚ್ಚಿನದನ್ನೆಲ್ಲ ಹಾರ್ಡ್ ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮತ್ತೆ ತರುತ್ತದೆ. ಹಾರ್ಡ್ ಡಿಸ್ಕ್ ಎಂಬುದು ತಿರುಗುವ ತಟ್ಟೆ. ಮಾಹಿತಿ ಇರುವ ಜಾಗಕ್ಕೆ ಅದರ ಮುಳ್ಳು ಸರಿದು ಹೋಗಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ, ಹಳೆಯ ಲ್ಯಾಪ್‌ಟಾಪಿಗೆ ಹೊಂದುವ ಸಾಟಾ ಮಾದರಿಯ ಎಸ್‌ಎಸ್‌ಡಿ 500 ಎಂಬಿಯಷ್ಟು ಓದಬಲ್ಲದು. ಚಿತ್ರದುರ್ಗದ ಅಂಗಡಿಯೊಂದರಲ್ಲಿ ಎಸ್‌ಎಸ್‌ಡಿಯನ್ನೂ ಇನ್ನೊಂದು 8 ಜಿಬಿ ರ‍್ಯಾಮನ್ನೂ ಹಾಕಿಸಿದೆವು. ಕೂಲಿ ಸೇರಿ ಐದು ಸಾವಿರ ದಾಟಲಿಲ್ಲ. ಹಿಂಬದಿ ಬಿಚ್ಚಿದಾಗ ಫ್ಯಾನಿನಲ್ಲಿ ಬೆರಳುದ್ದ ಧೂಳಿನ ಬತ್ತಿ ಸಿಕ್ಕಿತು. ನಮ್ಮ ಜಿಲ್ಲೆಯ ಗಾಳಿ ಜೋಗಿಮಟ್ಟಿ ಗುಡ್ಡಸಾಲಿನ ಗಾಳಿಯಂತ್ರಗಳಿಗೆ ವರವಾದರೂ ಲ್ಯಾಪ್‌ಟಾಪಿಗೆ ಶಾಪವೇ ಸರಿ. ಬಿಸಿ ಏರಿದರೆ ಸಂಸ್ಕಾರಕವು ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಆಹ್ವಾನಪತ್ರಿಕೆಗಳ ಕೆಲಸ ಸುಗಮವಾಯಿತು. ಆ ವರ್ಷ ಮೋಟಾರೂ ಬಂತು. ವಿಡಿಯೊ ಮಾತ್ರ ಬಗ್ಗಲಿಲ್ಲ. ಈಗಿನ ಫೋನು, ಕ್ಯಾಮೆರಾಗಳು ಬಹಳ ಒತ್ತಾಗಿ ಅಡಕಗೊಳಿಸಿದ ದೃಶ್ಯವನ್ನು ಕೊಡುತ್ತವೆ. ಅದನ್ನು ಬಿಡಿಸುವ ಶಕ್ತಿ ಆ ಕಾಲದ ಸಂಸ್ಕಾರಕಕ್ಕೆ ಸಾಲದು. ಮೂಲ ದೃಶ್ಯದ ಹಗುರ ಪ್ರತಿ ಮಾಡಿಕೊಂಡು, ಅದರ ಮೇಲೆ ಸಂಕಲನ ಮುಗಿಸಿ, ಕೊನೆಗೆ ಮೂಲವನ್ನು ಜೋಡಿಸುವ 'ಪ್ರಾಕ್ಸಿ' ಎಂಬ ಉಪಾಯವುಂಟು. ಅವಳು ಅದರಲ್ಲೇ ಕೆಲವು ಮದುವೆಗಳನ್ನು ದಾಟಿಸಿದಳು.

ಇಷ್ಟರಲ್ಲಿ 2025ರ ಅಕ್ಟೋಬರ್ 14 ಬಂತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಅಂದಿಗೆ ಮುಗಿಯಿತು. ಹೆಸರು ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಸುರಕ್ಷತಾ ಪರಿಷ್ಕರಣೆಗಳನ್ನು 2026ರ ಅಕ್ಟೋಬರ್ 13ರವರೆಗೆ ಕೊಡುವುದಾಗಿ ಅದು ಪ್ರಕಟಿಸಿತು. ವಿಂಡೋಸ್ 11 ಹಾಕೋಣವೆಂದರೆ, ಇಂಟೆಲ್ ಯಂತ್ರಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ನಂತರದ ಸಂಸ್ಕಾರಕವೂ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆಯೂ ಇರಬೇಕು. ನಮ್ಮದು ಆರನೆಯ ಪೀಳಿಗೆಯದು. ಗಿರಾಕಿಗಳ ಹಣ, ಬ್ಯಾಂಕಿನ ವ್ಯವಹಾರ ಎಲ್ಲವೂ ಅದೇ ಯಂತ್ರದಲ್ಲಿ ನಡೆಯುವಾಗ ಬೀಗ ಸಡಿಲವಾದ ಮನೆಯಲ್ಲಿ ಮಲಗಲಾಗದು. ಲಿನಕ್ಸ್ ಹಾಕಿಕೊಂಡರೆ ಹಳೆಯ ಯಂತ್ರವೂ ಸುರಕ್ಷಿತವಾಗಿ ನಡೆಯುತ್ತದೆ. ಆದರೆ ಅವಳು ಬಳಸುವ ಅಡೋಬಿಯ ತಂತ್ರಾಂಶಗಳು ಅದರಲ್ಲಿ ನೇರವಾಗಿ ನಡೆಯವು. ಹೊಸದನ್ನು ಕೊಳ್ಳುವ ಕಾಲ ಬಂದಿತ್ತು.

ಇಲ್ಲಿ ನಾನು ಎಡವಿದೆನೆಂದು ಒಪ್ಪಿಕೊಳ್ಳಬೇಕು. ದಸರೆಯ ವೇಳೆಗೆ ಒಂದು ಯಂತ್ರವನ್ನು ನೋಡಿಟ್ಟಿದ್ದೆವು. "ಇನ್ನು ಮೂರು ತಿಂಗಳು ತಡೆಯಿರಿ, ಬೆಲೆ ಇಳಿಯುತ್ತದೆ" ಎಂದವನು ನಾನೇ. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಜಗತ್ತಿನಾದ್ಯಂತ ಮೆಮೊರಿ ಚಿಪ್ಪುಗಳ ಬೆಲೆ ತೀವ್ರವಾಗಿ ಏರಿತು. ಕೃತಕ ಬುದ್ಧಿಮತ್ತೆಯ ಬೃಹತ್ ಗಣಕ ಕೇಂದ್ರಗಳು ಚಿಪ್ಪುಗಳನ್ನು ಮುಂಗಡವಾಗಿ ಕೊಳ್ಳತೊಡಗಿದ್ದೇ ಇದಕ್ಕೆ ಮುಖ್ಯ ಕಾರಣ. 2026ರ ಆರಂಭದಲ್ಲಿ ಅದೇ ಯಂತ್ರಕ್ಕೆ ಹಲವು ಸಾವಿರ ಹೆಚ್ಚು ಕೊಟ್ಟೆವು. ಅಣ್ಣನವರು ಈ ಬಗ್ಗೆ ಏನೂ ಹೇಳಲಿಲ್ಲ. ಅತ್ತಿಗೆಯವರು ಮಾತ್ರ ಎರಡು ಸಲ ನೆನಪಿಸಿದ್ದಾರೆ.

ಕೊಳ್ಳುವಾಗ ಎರಡು ವಿಷಯಗಳಲ್ಲಿ ಹಟ ಹಿಡಿದೆವು. ಈಗಿನ ತೆಳ್ಳನೆಯ ಯಂತ್ರಗಳು ಅನೇಕವುಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ, ಮುಂದೆ ಸೇರಿಸಲಾಗದು. ಆದ್ದರಿಂದ 16 ಜಿಬಿ ಇದ್ದು, ಜೊತೆಗೊಂದು ಖಾಲಿ ಸ್ಥಾನವಿರುವುದನ್ನೇ ಆರಿಸಿದೆವು. ಎರಡನೆಯದು ಪರದೆ. ಹಳೆಯದರಲ್ಲಿ ಕುಂಕುಮದ ಕೆಂಪೆಂದು ಕಂಡ ಬಣ್ಣ ಅಚ್ಚಿನಲ್ಲಿ ಇಟ್ಟಿಗೆಯ ಬಣ್ಣವಾಗಿ ಬಂದು, ಒಂದು ಮನೆಯ ಮುನ್ನೂರು ಪತ್ರಿಕೆಗಳನ್ನು ಮರುಮುದ್ರಿಸಿಕೊಟ್ಟ ನಷ್ಟ ಅವಳಿಗಿತ್ತು. ಎಸ್‌ಆರ್‌ಜಿಬಿ ಬಣ್ಣಗಳನ್ನು ಪೂರ್ಣವಾಗಿ ತೋರಿಸುವ ಪರದೆಯೇ ಬೇಕೆಂದಳು. ಕೀಲಿಮಣೆಯ ಕೆಳಗಿನ ಬಣ್ಣಬಣ್ಣದ ದೀಪಗಳ ಬಗ್ಗೆ ಅಂಗಡಿಯವರು ಬಹಳ ಹೇಳಿದರು.

ನಿಜವಾದ ಗಾಬರಿ ಹುಟ್ಟಿದ್ದು ಯಂತ್ರ ಮನೆಗೆ ಬಂದ ಮೇಲೆ. ನಮ್ಮ ತಂದೆಯವರು ಊರಿನ ಜಾತ್ರೆ, ಬರಗಾಲ, ಬಿತ್ತನೆ, ಮನೆತನದ ಸಂಗತಿಗಳನ್ನು ಬರೆದಿಟ್ಟ ಹಸ್ತಪ್ರತಿಯನ್ನು ಮಗಳು ವರ್ಷಗಳ ಹಿಂದೆ ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದಳು. ಮೂಲ ಕಾಗದಗಳಲ್ಲಿ ಅರ್ಧದಷ್ಟು ಗೆದ್ದಲಿನ ಪಾಲಾಗಿವೆ. ಹೊಸ ಯಂತ್ರದಲ್ಲಿ ಆ ಕಡತ ತೆರೆದರೆ ಕನ್ನಡವೇ ಇಲ್ಲ; ಇಂಗ್ಲಿಷಿನ ಅಕ್ಷರಗಳೂ ತಲೆಯ ಮೇಲೆ ಗೆರೆ ಎಳೆದ ಚಿಹ್ನೆಗಳೂ ಸಾಲುಗಟ್ಟಿ ನಿಂತಿದ್ದವು. "ಇದು ಯಾವ ಭಾಷೆಯೇ?" ಎಂದು ನಮ್ಮ ತಾಯಿಯವರು ಕೇಳಿದರು. ಮೊಮ್ಮಗಳು ಉತ್ತರ ಕೊಡಲಿಲ್ಲ.

ಗಣಕಯಂತ್ರ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಸಿರಿಗೆರೆಯ ತರಳಬಾಳು ಬೃಹನ್ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪಾಣಿನಿಯ ವ್ಯಾಕರಣವನ್ನು ಅಳವಡಿಸಿ 'ಗಣಕಾಷ್ಟಾಧ್ಯಾಯೀ' ತಂತ್ರಾಂಶವನ್ನು ರೂಪಿಸಿದ್ದನ್ನು ಅನೇಕರು ಬಲ್ಲಿರಿ. ಆದರೂ ಅಕ್ಷರ ಸಂಕೇತದ ಈ ತೊಡಕು ಮನೆಮನೆಯಲ್ಲಿದೆ. 1991ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಆದರೆ ನಮ್ಮ ಅಚ್ಚಿನ ಮನೆಗಳು ಬಹುಕಾಲ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಹಳೆಯ ಅಕ್ಷರಗಳಲ್ಲೇ ನಡೆದವು. ಆ ಅಕ್ಷರ ಯಂತ್ರದಲ್ಲಿಲ್ಲದಿದ್ದರೆ ಬರಹ ಗೋಜಲಾಗುತ್ತದೆ. ಪುಣ್ಯವಶಾತ್ ಹಳೆಯ ಯಂತ್ರವನ್ನು ಇನ್ನೂ ವಿನಿಮಯಕ್ಕೆ ಕೊಟ್ಟಿರಲಿಲ್ಲ. ಅಂಗಡಿಯವರು ನಾಲ್ಕು ಸಾವಿರ ಕಡಿತಗೊಳಿಸುತ್ತೇವೆ ಎಂದಾಗ ಕೊಟ್ಟಿದ್ದರೆ, ಅದರೊಳಗಿನ ಅಕ್ಷರಗಳೂ, ಬೇರೆಲ್ಲೂ ಪ್ರತಿಯಿಲ್ಲದ ಹಲವು ಕಡತಗಳೂ ಹೋಗುತ್ತಿದ್ದವು. ಎಲ್ಲವನ್ನೂ ಎರಡು ಬೇರೆ ಡಿಸ್ಕುಗಳಿಗೆ ಪ್ರತಿ ಮಾಡಿ, ಒಂದನ್ನು ನನ್ನ ಮನೆಗೆ ತಂದಿಟ್ಟೆ. ಪ್ರತಿಯೊಂದು ಪುಸ್ತಕದ ಪಿಡಿಎಫ್ ಪ್ರತಿಯನ್ನು ಹಳೆಯ ಯಂತ್ರದಲ್ಲೇ ತೆಗೆದೆವು. ಬಳಿಕ ಪರಿವರ್ತಕ ತಂತ್ರಾಂಶದಿಂದ ತಂದೆಯವರ ಬರಹವನ್ನು ಯುನಿಕೋಡಿಗೆ ಬದಲಾಯಿಸಿದೆವು.

ಪರಿವರ್ತಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಒತ್ತಕ್ಷರಗಳು ಅಲ್ಲಲ್ಲಿ ಜಾರುತ್ತವೆ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ, ಮೊಮ್ಮಗಳು ಒಂದೊಂದೇ ಪುಟವನ್ನು ಪಿಡಿಎಫಿನೊಡನೆ ಹೋಲಿಸಿ ಓದುತ್ತಿದ್ದಾರೆ. ಮೊನ್ನೆ 'ಕಾರ್ತಿಕ' ಎಂಬಲ್ಲಿ ಅರ್ಕಾವೊತ್ತು ಬಿಟ್ಟುಹೋದದ್ದನ್ನು ನಮ್ಮ ತಾಯಿಯವರೇ ತೋರಿಸಿದರಂತೆ. ಇನ್ನೂ ನೂರಹತ್ತು ಪುಟಗಳಿವೆ. ಅಲ್ಲಿಯತನಕ ಹಳೆಯ ಲ್ಯಾಪ್‌ಟಾಪನ್ನು ಯಾರು ಕೇಳಿದರೂ ಕೊಡಬೇಡಿರೆಂದು ಹೇಳಿಬಂದಿದ್ದೇನೆ.