ನೀರಿಲ್ಲದ ಬ್ಯಾಸಿಗಿ ಮತ್ತು ಒಂದು ಮ್ಯಾಟ್ನಿ ಷೋ



ಇವತ್ತಿನ ಬರಹದಾಗ ಗೊಬ್ಬರ ಇಲ್ಲ, ಔಷಧಿ ಇಲ್ಲ, ದಲಾಲಿ ಅಂಗಡಿ ರೇಟೂ ಇಲ್ಲ. ಸಿನಿಮಾ ಸುದ್ದಿ ಐತಿ. "ಏನಣ್ಣ, ಬಿಸಿಲು ನೆತ್ತಿಗೇರೈತೇನು" ಅಂತ ಕೇಳಬ್ಯಾಡ್ರಿ. ಪೂರ್ತಿ ಓದಿ ಆಮ್ಯಾಲೆ ಬೈಯ್ರಿ.

ಮೊದಲು ಹೊಲದ ವರದಿ. ನೆಲ್ಲು ಕೊಯ್ದ ಕೂಳೆ ಹಂಗೇ ಒಣಗಿ ನಿಂತೈತಿ. ಎರಿ ನೆಲ ಬಿರುಕು ಬಿಟ್ಟು ಕಾಲು ಇಳಿಯುವಷ್ಟು ಬಾಯಿ ತೆರದೈತಿ. ಬ್ಯಾರೆ ವರ್ಷ ಆಗಿದ್ರೆ ಈ ಹೊತ್ತಿಗೆ ಬ್ಯಾಸಿಗಿ ನೆಲ್ಲು ಕಟಾವು, ಮಿಷನ್ ಸರತಿ, ಚೀಲ, ಲಾರಿ ಅಂತ ನಮಗ ಉಸಿರಾಡಾಕೂ ಪುರಸೊತ್ತು ಇರ್ತಿರಲಿಲ್ಲ. ಈ ಸಲ ಡ್ಯಾಮಿನ 33 ಗೇಟ್ ಬದಲಿ ಮಾಡೋ ಕೆಲಸಕ್ಕ ಎರಡನೇ ಬೆಳೆಗೆ ನೀರಿಲ್ಲ ಅಂದ್ರು. ಉಪಕಾಲುವ್ಯಾಗ ಹುಡುಗರು ಸ್ಟಂಪ್ ನೆಟ್ಟು ಕ್ರಿಕೆಟ್ ಆಡಾಕತ್ತಾರ. ಅಂಪೈರ್ ತೂಬಿನ ಮ್ಯಾಲೆ ಕುಂತಾನ.

ಇಂಥ ಹೊತ್ತಿನಾಗ ಹೋದ ವಾರ ನಾನು ನಮ್ಮ ಮನಿಯಾಕಿನ್ನ ಕರ್ಕೊಂಡು ಬಳ್ಳಾರಿಗೆ ಹೋಗಿ ಒಂದು ಸಿನಿಮಾ ನೋಡಿ ಬಂದೆ. ಥೇಟರ್ ಮುಂದ ನಿಂತು ಫೋಟೋ ತೆಗಿಸ್ಕೊಂಡು ಇದೇ ಪೇಜಿನಾಗ ಹಾಕಿದೆ. ಅದಕ್ಕ ನಮ್ಮೋರೇ ಒಬ್ರು, ಹೆಸರು ಬ್ಯಾಡ, ಕೆಳಗ ಬರೆದ್ರು: "ನೀರಿಲ್ಲ, ಬೆಳಿ ಇಲ್ಲ ಅಂತ ಧರಣಿ ಕೂಡ್ತೀರಿ, ಸಿನಿಮಾಕ್ಕ ಮಾತ್ರ ರೊಕ್ಕ ಇರ್ತೈತಲ್ಲ." ಅದಕ್ಕ 40 ಮಂದಿ ನಗೋ ಗೊಂಬಿ ಒತ್ತಿದ್ರು. ಅವತ್ತು ಸಿಟ್ಟು ಬಂದು ಫೋಟೋ ತೆಗೆದುಬಿಟ್ಟೆ. ಆ ಮ್ಯಾಲೆ ರಾತ್ರಿಯೆಲ್ಲ ನಿದ್ದಿ ಬರಲಿಲ್ಲ. ತೆಗೆದದ್ದು ತಪ್ಪು ಅನಿಸ್ತು. ಈಗ ಮತ್ತೆ ಹಾಕೀನಿ, ನೋಡ್ರಿ.

ಲೆಕ್ಕ ಕೇಳಿದವರಿಗೆ ಲೆಕ್ಕ ಕೊಡ್ತೀನಿ. ಆಕಿಗೆ ಬಸ್ಸು ಫ್ರೀ, ಆಧಾರ್ ತೋರಿಸಿದ್ಲು. ಟಿಕೆಟ್ ನನಗೊಬ್ಬನಿಗೆ. ಎರಡು ಬಾಲ್ಕನಿ ಟಿಕೆಟ್, ಹೋಟೆಲ್‌ನಾಗ ಎರಡು ಊಟ, ಇಂಟರ್ವಲ್‌ನಾಗ ಪಾಪ್‌ಕಾರ್ನ್, ಸಂಜಿಗೆ ಮೊಮ್ಮಕ್ಕಳಿಗೆ ಅಂತ ಒಂದು ಕಿಲೋ ದ್ರಾಕ್ಷಿ. ಎಲ್ಲ ಸೇರಿ 860 ರೂಪಾಯಿ. ಸಾಮಾನ್ಯ ಭತ್ತಕ್ಕ 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369. ನಮ್ಮ 75 ಕೆಜಿ ಚೀಲಕ್ಕ 1,776 ಆತು. ಅಂದ್ರ ನಾವಿಬ್ರು ಅರ್ಧ ಚೀಲ ನೆಲ್ಲಿನ ಸಿನಿಮಾ ನೋಡಿ ಬಂದೀವಿ. ಒಂದು ಎಕರೆಗೆ ಒಂದು ಸಲ ಔಷಧಿ ಹೊಡೆಸಾಕ ಇದಕ್ಕಿಂತ ಜಾಸ್ತಿ ಹಾಕ್ತೀವಿ, ಯಾರೂ ನಗೋದಿಲ್ಲ.

ಇನ್ನೊಂದು ಲೆಕ್ಕ. ಆಕಿ ಥೇಟರ್‌ನಾಗ ಕುಂತು ಸಿನಿಮಾ ನೋಡಿ 22 ವರ್ಷ ಆಗಿತ್ತು. ಇದು ನನಗ ಗೊತ್ತೇ ಇರಲಿಲ್ಲ, ಬಸ್ಸಿನಾಗ ಆಕಿನೇ ಹೇಳಿದ್ಲು. ಮಗಳು ಹುಟ್ಟಿದ ವರ್ಷ ಒಮ್ಮೆ, ಮಗ ನಾಲ್ಕನೇ ಕ್ಲಾಸಿದ್ದಾಗ ಒಮ್ಮೆ. ಅಷ್ಟೇ. ಈ 22 ವರ್ಷದಾಗ ನಾನು ಎಷ್ಟು ಸಲ ಬೀಜದ ಅಂಗಡಿ, ಬ್ಯಾಂಕು, ಕೋರ್ಟು ಅಂತ ಬಳ್ಳಾರಿಗೆ ಹೋಗಿ, ಕೆಲಸ ಆಗಲಿಲ್ಲ ಅಂತ ಮ್ಯಾಟ್ನಿ ಹೊಕ್ಕು ಬಂದೀನೋ ಲೆಕ್ಕ ಇಲ್ಲ. ಗಂಡಸರು ನಾವು, ಕದ್ದು ಮುಚ್ಚಿ ಬಿಡುವು ಮಾಡ್ಕೊಂತೀವಿ. ಕಟ್ಟಿ ಮ್ಯಾಲೆ ಕುಂತು ಇಸ್ಪೀಟ್ ಆಡಿದ್ರೂ ಅದು "ಮಾತುಕತಿ". ಹೆಣ್ಣುಮಕ್ಕಳಿಗೆ ಬೆಳಿ ಇದ್ರೂ ಕೆಲಸ, ಇಲ್ಲದಿದ್ರೂ ಕೆಲಸ.

ಹಂಗಂತ ಈ ಬ್ಯಾಸಿಗಿನ್ನ ನಾನು ರಜೆ ಅನ್ನೋದಿಲ್ಲ. ರಜೆ ಅಂದ್ರ ದುಡಿದವನು ತಾನಾಗಿ ತಗೊಳ್ಳೋದು. ಮಕ್ಕಳಿಗೆ ಏಪ್ರಿಲ್ 11ಕ್ಕ ಶುರುವಾಗಿ ಮೇ ಕೊನಿತನಕ ಇರ್ತೈತಲ್ಲ, ಅದು ರಜೆ. ನಮ್ಮದು ಕಟ್ಟಿಹಾಕಿ ಕೂಡಿಸಿದ ಬಿಡುವು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕಿತ್ಕೊಂಡು ಹೋದಾಗಲೇ ಇದು ಒಂದಿನ ಬರ್ತೈತಿ ಅಂತ ಗೊತ್ತಿತ್ತು. 70 ವರ್ಷದ ಗೇಟುಗಳು, ಬದಲಿ ಮಾಡ್ಲೇಬೇಕು, ಅದಕ್ಕ ನನ್ನ ತಕರಾರಿಲ್ಲ. ಆದ್ರ ನಾಟಿಗೆ ಬರ್ತಿದ್ದ ಹೆಣ್ಣಾಳುಗಳು? ನಮ್ಮ ಓಣ್ಯಾಗ ಆರು ಮನಿಗೆ ಬೀಗ ಬಿದ್ದೈತಿ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕ ಹೋಗ್ಯಾರ. ಅವರಿಗೆ ಯಾರು ಪರಿಹಾರ ಕೊಡ್ತಾರ? ನಾವು ಧರಣ್ಯಾಗ ಎಕರೆ ಲೆಕ್ಕದಾಗ ಕೇಳ್ತೀವಿ. ಎಕರೆ ಇಲ್ಲದವರ ಹೆಸರು ನಮ್ಮ ಮನವಿ ಪತ್ರದಾಗ ಕಡೀ ಸಾಲಿನಾಗ ಬರ್ತೈತಿ. ಮುಂದಿನ ಸಲ ಅದನ್ನ ಮೊದಲ ಸಾಲಿಗೆ ತರಬೇಕು ಅಂತ ಸಂಘದಾಗ ಹೇಳೀನಿ.

ಸಿನಿಮಾಕ್ಕ ಬರ್ತೀನಿ.

ನಾನು ಸಣ್ಣವನಿದ್ದಾಗ ಬ್ಯಾಸಿಗಿ ಅಂದ್ರ ಟೂರಿಂಗ್ ಟಾಕೀಸು. ನಿಮ್ಮಲ್ಲಿ 50 ದಾಟಿದವರಿಗೆ ನೆನಪಿರ್ತೈತಿ. ಸುಗ್ಗಿ ಮುಗಿದ ಮ್ಯಾಲೆ ಊರ ಹೊರಗ ಡೇರೆ ಹಾಕೋರು. ಮುಂದ ನೆಲ, ಹಿಂದ ಬೆಂಚು, ಗೌಡ್ರಿಗೆ, ಮಾಸ್ತರಿಗೆ ಕುರ್ಚಿ. ಒಂದೇ ಮಿಷನ್ ಇರೋದ್ರಿಂದ ರೀಲ್ ಮುಗಿದಾಗೆಲ್ಲ ಇಂಟರ್ವಲ್. ನೆಲದಾಗ ಮರಳು ಗುಡ್ಡಿ ಮಾಡ್ಕೊಂಡು ಎತ್ತರಕ್ಕ ಕುಂತ್ರೆ ಹಿಂದಿನವ ತಲಿಗೆ ಕುಟ್ಟವ. ಸಂಪತ್ತಿಗೆ ಸವಾಲ್ ನಾನು ಹಂಗೇ ನೋಡಿದ್ದು. ಅದು 1974ರ ಸಿನಿಮಾ, ನಮ್ಮೂರಿಗೆ ಬಂದಿದ್ದು ಎಷ್ಟೋ ವರ್ಷ ಆದಮ್ಯಾಲೆ. ಮೂಲ ಪಿ.ಬಿ. ಧುತ್ತರಗಿಯವರ ನಾಟಕ, ನಮ್ಮ ಉತ್ತರದ ಕಡೆಯ ಕಂಪನಿ ನಾಟಕದ ಸರಕು. ರಾಜಕುಮಾರ್ ಎಮ್ಮಿ ಮ್ಯಾಲೆ ಕುಂತು ಹಾಡೋದನ್ನ ನೋಡಿ ಮರುದಿನ ನಾವು ನಾಲ್ಕು ಹುಡುಗರು ಹಳ್ಳದಾಗ ಎಮ್ಮಿ ಏರಾಕ ಹೋಗಿ, ನಾನು ಬಿದ್ದು ಮುಂದಿನ ಹಲ್ಲು ಮುರ್ಕೊಂಡೆ. ಈಗಲೂ ಅರ್ಧ ಹಲ್ಲೇ.

ತೆಲುಗು ಸಿನಿಮಾನೂ ಅಷ್ಟೇ ನೋಡೀವಿ. ಸಿರುಗುಪ್ಪ, ಬಳ್ಳಾರಿ ಮಂದಿಗೆ ಭಾಷೆ ಗಡಿ ಇಲ್ಲ. ಆದವಾನಿ ಸಂತಿಗೆ ಹೋದವರು ಅಲ್ಲಿ ಎನ್‌ಟಿಆರ್ ಸಿನಿಮಾ ನೋಡ್ಕೊಂಡು ಬಂದು ವಾರಗಟ್ಲೆ ಕಥಿ ಹೇಳೋರು.

ರೈತರ ಸಿನಿಮಾ ಅಂದ ಕೂಡ್ಲೆ ಎಲ್ಲಾರೂ 1972ರ ಬಂಗಾರದ ಮನುಷ್ಯ ಅಂತಾರ. ಅದನ್ನ ನೋಡಿ ಪಟ್ಟಣದ ಹುಡುಗರು ಊರಿಗೆ ವಾಪಸ್ ಬಂದು ಒಕ್ಕಲುತನಕ್ಕ ಇಳಿದ್ರು ಅಂತ ಭಾಷಣ ಮಾಡ್ತಾರ. ನಾನೂ ರಾಜಣ್ಣನ ಅಭಿಮಾನಿನೇ. ಆದ್ರ 30 ವರ್ಷ ಕೆಸರು ತುಳಿದ ಮ್ಯಾಲೆ ಆ ಸಿನಿಮಾ ನೋಡಿದ್ರ ನನಗ ಬ್ಯಾರೆ ಕಾಣ್ತೈತಿ. ರಾಜೀವ ಬಂಡಿ ನೆಲ ಹಸನು ಮಾಡ್ತಾನ, ಅಕ್ಕನ ಮಕ್ಕಳನ್ನ ಓದಿಸ್ತಾನ, ಹೆಂಡತಿನ್ನ ಕಳ್ಕೊಂತಾನ. ಕೊನಿಗೆ ತಾನು ಸಾಕಿದ ಹುಡುಗನ ಬಾಯಾಗೇ ಮಾತು ಕೇಳಿ, ಯಾರಿಗೂ ಹೇಳದೆ ಎದ್ದು ಹೋಗ್ತಾನ. ಅವನು ತನಗಂತ ಒಂದು ದಿನ ಸುಮ್ನೆ ಕುಂತಿದ್ದು ಹಾಡುಗಳಾಗ ಬಿಟ್ರೆ ನನಗ ನೆನಪಿಲ್ಲ. ನಮ್ಮ ಹಿರಿಯರು ಅದನ್ನ ನೋಡಿ ಅತ್ತು "ರೈತ ಅಂದ್ರ ಹಿಂಗಿರಬೇಕು" ಅಂದ್ರು. ಯಾಕ ಹಿಂಗಿರಬೇಕು? ದುಡಿದು ಸಾಯಬೇಕು, ಕೇಳಬಾರದು, ನಗಬಾರದು, ಹೊಸ ಅಂಗಿ ಹಾಕಿದ್ರ "ಸಾಲ ಮನ್ನಾ ರೊಕ್ಕ" ಅನ್ನಿಸ್ಕೋಬೇಕು. ನನ್ನ ಫೋಟೋದ ಕೆಳಗ ಬಂದ ಮಾತಿನ ಬೇರು ಅಲ್ಲೈತಿ ಅಂತ ನನ್ನ ಅನಿಸಿಕಿ. ಅಳೋ ರೈತನ್ನ ಮಂದಿ ನಂಬ್ತಾರ, ನಗೋ ರೈತನ್ನ ನಂಬೋದಿಲ್ಲ. ಪ್ಯಾಟಿ ಮಂದಿ ಹಂಗಂದ್ರ ಸಹಿಸಬಹುದು, ನಾವೇ ಒಬ್ಬರಿಗೊಬ್ಬರು ಅಂದ್ಕೊಂಡ್ರ?

ಇದಕ್ಕ ಉಲ್ಟಾ ಒಂದು ಸಿನಿಮಾ ಐತಿ, ತಿಥಿ. ಮಂಡ್ಯ ಕಡಿ ಹಳ್ಳಿ ಜನರನ್ನೇ ಹಾಕ್ಕೊಂಡು ರಾಮ್ ರೆಡ್ಡಿ ಅನ್ನೋರು ತೆಗೆದದ್ದು, 2015ರಾಗ ಲೊಕಾರ್ನೊದಾಗ ಪ್ರಶಸ್ತಿ ತಗೊಂತು. ಅದರಾಗ ಗಡ್ಡಪ್ಪ ಅಂತ ಒಬ್ಬ ಮುದುಕ. ಮಗ ಹೊಲದ ಕಾಗದಕ್ಕ ಓಡಾಡಿ ಸುಸ್ತಾಗಿರ್ತಾನ, ಇವನು ಯಾವುದೂ ಬ್ಯಾಡ ಅಂತ ಅಡ್ಡಾಡ್ತಿರ್ತಾನ. ನಮ್ಮ ಮಗ ಫೋನಿನಾಗ ತೋರಿಸಿದ. "ಅಪ್ಪಾ, ನೀನೂ ಒಂದಿನ ಹಿಂಗಿರು" ಅಂದ. ನಾನು ಗಡ್ಡಪ್ಪ ಆಗ್ಲಾರೆ, ಸೊಸೈಟಿ ಕಂತು ಐತಿ. ಆದ್ರ ನೋಡಿ ನಕ್ಕಿದ್ದು ಖರೆ.

ಕಾಟೇರ ಸುದ್ದಿ ಹೇಳದಿದ್ರ ಹುಡುಗರು ಬಿಡೋದಿಲ್ಲ. 2023ರ ಡಿಸೆಂಬರ್ ಕೊನಿಗೆ ಬಂತು, ಉಳುವವನೇ ಭೂಮಿ ಒಡೆಯ ಅನ್ನೋ ಕಾಲದ ಕಥಿ. ಪಕ್ಕದ ಹೊಲದ ಕಾಕಾಗ 78 ವಯಸ್ಸು. ಅವರಪ್ಪ ಫಾರಂ 7 ಹಾಕಿ, ಎರಡು ಎಕರೆ ಪಡೆಯಾಕ ಏಳು ವರ್ಷ ಟ್ರಿಬ್ಯೂನಲ್‌ಗೆ ಅಡ್ಡಾಡಿದ್ರಂತ. ಮೊಮ್ಮಗ ಕಾಕಾನ್ನ ಬೈಕಿನ ಮ್ಯಾಲೆ ಕೂರಿಸಿಕೊಂಡು ಹೋಗಿ ಆ ಸಿನಿಮಾ ತೋರಿಸಿದ. ಬಂದು ಎರಡು ದಿನ ಕಾಕಾ ಅದನ್ನೇ ಮಾತಾಡಿದ. ಅಲ್ಲಿತನಕ ಆ ಹುಡುಗಗ ತಮ್ಮ ಹೊಲ ಹೆಂಗ ಬಂತು ಅಂತ ಗೊತ್ತಿರಲಿಲ್ಲ. ಒಂದು ಸಿನಿಮಾ ಇಷ್ಟು ಮಾಡಿದ್ರ ಸಾಕಲ್ಲ?

ಅದೇ ಸಿನಿಮಾದ ನಾಯಕನ್ನ 2024ರ ಆಗಸ್ಟ್ 29ಕ್ಕ ಬಳ್ಳಾರಿ ಜೈಲಿಗೆ ತಂದ್ರು. ಕೇಸಿನ ಬಗ್ಗೆ ನಾನು ಮಾತಾಡೋದಿಲ್ಲ, ಅದು ಕೋರ್ಟಿನ ಕೆಲಸ. ಆದ್ರ ಜೈಲಿನ ಗೇಟ್ ಮುಂದ ನಮ್ಮ ಕಡೆ ಹುಡುಗರು ನಿಂತಿದ್ದು ನೋಡಿ ಹೊಟ್ಟಿ ಉರೀತು. ಅದೇ ತಿಂಗಳು ಡ್ಯಾಮಿನ ಗೇಟ್ ಹೋಗಿ ಸುಮಾರು ಒಂದು ವಾರ ನಮ್ಮ ನೀರು ಹರಿದು ಹೋಗಿತ್ತು. ಆವಾಗ ಕರೆದ್ರ "ಕೆಲಸ ಐತಣ್ಣ" ಅಂದವರು ಇವರೇ. ಸಿನಿಮಾ ನೋಡ್ರಪ್ಪಾ, ಸಿಳ್ಳಿ ಹೊಡೀರಿ. ನಾನೂ ಹೊಡೀತೀನಿ, ಅರ್ಧ ಹಲ್ಲಿನಾಗ ಸಿಳ್ಳಿ ಚಲೋ ಬರ್ತೈತಿ. ಬಿಸಿಲಾಗ ಹೋಗಿ ಕಂಡವರ ಗೇಟ್ ಕಾಯೋದು ಮಾತ್ರ ಬಿಡುವಲ್ಲ.

ಬಳ್ಳಾರಿದೊಂದು ಮಾತು. ರಾಘವ ಕಲಾಮಂದಿರದ ಹೆಸರು ಎಲ್ಲಾರಿಗೂ ಗೊತ್ತು, ಆ ರಾಘವ ಯಾರು ಅಂತ ಕೇಳಿದ್ರ ಬಾಯಿ ಮುಚ್ಚಿಕೊಂತೀವಿ. ಬಳ್ಳಾರಿ ರಾಘವ, 1880ರಿಂದ 1946. ವಕೀಲರು, ದೊಡ್ಡ ರಂಗನಟರು. ಅವರು 1939ರಾಗ ಗೂಡವಲ್ಲಿ ರಾಮಬ್ರಹ್ಮಂ ಅವರ ರೈತು ಬಿಡ್ಡ ಅನ್ನೋ ತೆಲುಗು ಸಿನಿಮಾದಾಗ ಮಾಡಿದ್ರು. ರೈತು ಬಿಡ್ಡ ಅಂದ್ರ ರೈತನ ಮಗ. ಜಮೀನ್ದಾರರ ವಿರುದ್ಧದ ಸಿನಿಮಾ ಅಂತ ಅವರ ಒತ್ತಡಕ್ಕ ಬ್ರಿಟಿಷ್ ಸರ್ಕಾರ ಅದನ್ನ ನಿಷೇಧ ಮಾಡಿತ್ತು. ನಮ್ಮ ಬಳ್ಳಾರಿಯವರು ಮಾಡಿದ ಪಾತ್ರ, ನಮ್ಮದೇ ಕಥಿ. ಇದನ್ನ ನಾನು ಈ ಬಿಡುವಿನಾಗಲೇ ಓದಿ ತಿಳ್ಕೊಂಡಿದ್ದು. ಹಂಗೇ ತೊಗಲುಗೊಂಬಿ ಬೆಳಗಲ್ಲು ವೀರಣ್ಣನವರು, 2023ರಾಗ ರಸ್ತೆ ಅಪಘಾತದಾಗ ತೀರಿಹೋದ್ರು. ಅವರ ಗೊಂಬಿ ಆಟ ಕಣ್ಣಾರೆ ನೋಡಿದವರು ನಮ್ಮ ಪೇಜಿನಾಗ ಇದ್ರ ಬರೀರಿ, ನಾನು ಒಮ್ಮೆ ಮಾತ್ರ ನೋಡೀನಿ.

ಟಿಕೆಟ್ ರೇಟಿಂದೂ ಹೇಳ್ಬೇಕು. 2025ರ ಸೆಪ್ಟೆಂಬರ್‌ನಾಗ ಸರ್ಕಾರ 200 ರೂಪಾಯಿ ಮ್ಯಾಲೆ ತಗೋಬಾರದು ಅಂತ ಆದೇಶ ಮಾಡಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ಸಿನಿಮಾದವರಿಗೆ ರೇಟ್ ಕಟ್ಟಿದ್ರ ಹದಿನೈದು ದಿನದಾಗ ಕೋರ್ಟು. ನಮ್ಮ ನೆಲ್ಲಿಗೆ ರೇಟ್ ಕಟ್ಟಿದ್ರೂ ಆ ರೇಟಿಗೆ ಕೊಳ್ಳೋರಿಲ್ಲ, ಕೋರ್ಟಿಗೆ ಹೋಗೋರೂ ಇಲ್ಲ.

ಅವತ್ತು ಯಾವ ಸಿನಿಮಾ ನೋಡಿದ್ವಿ ಅಂತ ಬರೆಯೋದಿಲ್ಲ. ಬರೆದ್ರ ಕೆಳಗ ಅಭಿಮಾನಿಗಳ ಜಗಳ ಹತ್ತಿ ನಮ್ಮ ಮಾತು ಮುಳುಗಿ ಹೋಗ್ತೈತಿ. ಚಲೋ ಏನೂ ಇರಲಿಲ್ಲ, ಬರೇ ಹೊಡೆದಾಟ. ಥೇಟರ್‌ನಾಗ 30 ಜನ ಇದ್ರೇನೋ. ತಂಪಿಗೆ ನಮ್ಮಾಕಿ ಅರ್ಧ ಸಿನಿಮಾ ನಿದ್ದಿ ಹೊಡೆದ್ಲು. ಎಬ್ಬಿಸಲಿಲ್ಲ. ಮಧ್ಯಾಹ್ನ ಎರಡೂವರಿಗೆ ಆಕಿ ನಿದ್ದಿ ಮಾಡಿದ್ದು ನಾನು ಮದುವಿ ಆದ ಮ್ಯಾಲೆ ನೋಡಿದ್ದು ಜ್ವರ ಬಂದಾಗ ಮಾತ್ರ. ಹೊರಗ ಬಂದ ಮ್ಯಾಲೆ "ಸಿನಿಮಾ ಹೆಂಗಿತ್ತು" ಅಂದೆ. "ಭಾಳ ಚಲೋ ಇತ್ತು" ಅಂದ್ಲು.

ಬರೋವಾಗ ಕುರುಗೋಡಿನಾಗ ಇಳಿದು ದೊಡ್ಡ ಬಸವೇಶ್ವರಗ ಕಾಯಿ ಒಡೆಸಿದ್ವಿ. ಜಾತ್ರಿ ಗದ್ದಲ ಇಲ್ಲದಾಗ ಆ ಗುಡಿ ನೋಡ್ರಿ, ಅಷ್ಟು ದೊಡ್ಡ ಬಸವಣ್ಣನ ಮುಂದ ನಾಲ್ಕೇ ಮಂದಿ, ಕಲ್ಲು ತಣ್ಣಗ. ಅಲ್ಲಿ ಕಟ್ಟಿ ಮ್ಯಾಲೆ ಕುಂತಾಗ ಆಕಿ ಕೇಳಿದ್ಲು, "ಮುಂದಿನ ವರ್ಷ ಕಾಲುವಿಗೆ ನೀರು ಬಂದ ಮ್ಯಾಲೂ ಕರ್ಕೊಂಡು ಬರ್ತೀಯೋ, ಇಲ್ಲಾ ಗೇಟ್ ಮುರಿಬೇಕೋ?"

ಉತ್ತರ ಇನ್ನೂ ಕೊಟ್ಟಿಲ್ಲ. ಮೇ ಕೊನಿಗೆ ಮೊಮ್ಮಕ್ಕಳನ್ನೂ ಕರ್ಕೊಂಡು ಕೆಂಚನಗುಡ್ಡಕ್ಕ ಹೊಳಿ ನೋಡಾಕ ಹೋಗೋ ವಿಚಾರ ಐತಿ, ಟ್ರ್ಯಾಕ್ಟರ್ ಟ್ರೇಲರ್‌ನಾಗ ಇನ್ನೂ ಎಂಟು ಮಂದಿಗೆ ಜಾಗ ಐತಿ. ಬುತ್ತಿ ಅವರವರದು. ಹೆಣ್ಣುಮಕ್ಕಳಿಗೆ ಮೊದಲು. ಬರೋರು ಕೆಳಗ ಹೆಸರು ಹಾಕ್ರಿ. ಹಸಿರು ಗೊಬ್ಬರಕ್ಕ ಡಯಂಚ ಬೀಜ ಎಲ್ಲಿ ಸಿಗ್ತೈತಿ ಅಂತ ಕೇಳಿದವರಿಗೆ ನಾಳೆ ಬರೀತೀನಿ.