ಹಾಲು ಬಿಟ್ಟವರಿಗೆ ಒತ್ತಾಸೆ

‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದು ನಮ್ಮ ಹಿರಿಯರು ಹೇಳಿದರು. ಉಡುವ ಬಟ್ಟೆಯನ್ನು ನಾಲ್ಕು ಜನ ಮೆಚ್ಚಬೇಕು, ಉಣ್ಣುವ ಅನ್ನವನ್ನು ತನ್ನ ನಾಲಗೆ ಮೆಚ್ಚಿದರೆ ಸಾಕು ಎಂಬುದು ಇದರ ತಾತ್ಪರ್ಯ. ಗಾದೆಗೆ ಎದುರಾಡುವುದು ಸುಲಭವಲ್ಲ. ಆದರೂ ಇದರ ಮೊದಲರ್ಧ ಎಷ್ಟರಮಟ್ಟಿಗೆ ನಿಜವೆಂದು ಒಮ್ಮೆ ವಿಚಾರಿಸಿ ನೋಡಬಹುದು. ಊಟವು ಎಂದು ತಾನೆ ಒಬ್ಬನ ಇಚ್ಛೆಯಾಗಿತ್ತು? ಅಕ್ಕಿ ಆರಿಸಿದವರು ಒಬ್ಬರು, ಒಲೆಯ ಮುಂದೆ ನಿಂತವರು ಇನ್ನೊಬ್ಬರು, ಬಡಿಸಿದವರು ಮತ್ತೊಬ್ಬರು; ಉಣ್ಣುವವನ ಪಾಲಿಗೆ ಉಳಿಯುವುದು ‘ಬೇಕು’, ‘ಬೇಡ’ ಎಂಬ ಎರಡು ಮಾತು ಮಾತ್ರ. ಆ ‘ಬೇಡ’ ಎಂಬ ಮಾತು ನಿತ್ಯದ ಪದಾರ್ಥವೊಂದರ ಮೇಲೆ ಬಿದ್ದಿತೆಂದರೆ ಇಡೀ ಮನೆಯೇ ತಲೆಯೆತ್ತಿ ನೋಡುತ್ತದೆ.

ನಮ್ಮಲ್ಲಿ ಸಸ್ಯಾಹಾರಿ ಎಂದರೆ ಮಾಂಸ, ಮೀನು, ಮೊಟ್ಟೆಗಳನ್ನು ತಿನ್ನದವನೆಂದೇ ಅರ್ಥ. ಹಾಲು, ಮೊಸರು, ತುಪ್ಪಗಳ ಮೇಲೆ ಯಾರೂ ಸಂಶಯಪಟ್ಟಿರಲಿಲ್ಲ. ಈಗ ಅವುಗಳನ್ನೂ, ಜೇನನ್ನೂ ಬಿಟ್ಟು, ಗಿಡಮರಗಳು ಕೊಟ್ಟದ್ದರಿಂದಲೇ ಬದುಕುತ್ತೇವೆಂದು ಹೇಳುವ ತರುಣ ತರುಣಿಯರು ನಮ್ಮ ಕಾಲೇಜುಗಳಲ್ಲಿ, ಕಚೇರಿಗಳಲ್ಲಿ ಕಾಣಿಸಿಕೊಂಡಿದ್ದಾರೆ. ಅವರು ತಮ್ಮನ್ನು ವೀಗನ್ ಎಂದು ಕರೆದುಕೊಳ್ಳುತ್ತಾರೆ. ಭಾರತ ಸರ್ಕಾರವೂ 2022ರಲ್ಲಿ ಇಂಥ ಆಹಾರಕ್ಕೆ ಪ್ರತ್ಯೇಕ ನಿಯಮಾವಳಿಯನ್ನೂ ಪೊಟ್ಟಣದ ಮೇಲಿನ ಗುರುತನ್ನೂ ಗೊತ್ತುಮಾಡಿತು. ಅಂಗಡಿಯಲ್ಲಿ ಗುರುತು ಸಿಕ್ಕಿತು; ಮನೆಯಲ್ಲಿ ಸಿಕ್ಕಿತೆ?

ಸಿಗುವುದು ಸುಲಭವಲ್ಲ. ಹೊಸ ಮನೆಗೆ ಕಾಲಿಡುವಾಗ ನಾವು ಉಕ್ಕಿಸುವುದು ಹಾಲನ್ನು. ಹೊಂದಿ ಬಾಳುವವರನ್ನು ಹೋಲಿಸುವುದು ಹಾಲು ಜೇನಿಗೆ. ಬಂದವರಿಗೆ ಕಾಫಿ, ಊಟದ ಕೊನೆಗೆ ಮೊಸರನ್ನ, ದೇವರ ಮುಂದೆ ಪಂಚಾಮೃತ. ನೆಂಟರ ಮನೆಯಲ್ಲಿ ಕಾಫಿಯನ್ನು ಬೇಡವೆಂದರೆ ಆ ಮನೆಯನ್ನೇ ಬೇಡವೆಂದಂತೆ. ಹಾಲು ಕುಡಿಸಿ ಬೆಳೆಸಿದ ತಾಯಿಯ ಮುಂದೆ ಮಗಳು ‘ಇನ್ನು ಹಾಲು ಬೇಡಮ್ಮ’ ಎಂದಾಗ ತಾಯಿಗೆ ಕೇಳಿಸುವುದು ಆಹಾರದ ಮಾತಲ್ಲ, ಮುನಿಸಿನ ಮಾತು. ಇಷ್ಟೆಲ್ಲದರ ನಡುವೆ ಆ ಮಗಳು ಆರು ತಿಂಗಳಲ್ಲಿ ಮತ್ತೆ ಹಾಲಿಗೆ ಹಿಂದಿರುಗಿದರೆ, ಅವಳ ಸಂಕಲ್ಪ ದುರ್ಬಲವಾಗಿತ್ತೆಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪು ನ್ಯಾಯವಾದುದಲ್ಲ. ನಮ್ಮ ಕಾಲದಲ್ಲಿ ಗಾಂಧೀಜಿಗಿಂತ ಗಟ್ಟಿಯಾದ ಸಂಕಲ್ಪವುಳ್ಳವರನ್ನು ತೋರಿಸುವುದು ಕಷ್ಟ; ಹಾಲಿನ ವಿಷಯದಲ್ಲಿ ಅವರೂ ಸೋತರು. ಹೇಗೆ ಸೋತರೆಂಬುದನ್ನು ಅವರೇ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

1888ರಲ್ಲಿ ಅವರು ಲಂಡನ್ನಿಗೆ ಹೋದಾಗ ತಾಯಿಗೆ ಕೊಟ್ಟ ವಚನವೊಂದೇ ಅವರ ಬೆಂಬಲ. ಮಾಂಸ ಮುಟ್ಟುವುದಿಲ್ಲವೆಂಬ ಮಾತನ್ನು ಉಳಿಸಿಕೊಂಡರು, ಆದರೆ ಹಸಿದುಕೊಂಡೇ ಉಳಿಸಿಕೊಂಡರು. ಮನೆಯೊಡತಿಗೆ ಏನು ಬೇಯಿಸಿಹಾಕಬೇಕೆಂದು ತಿಳಿಯದು. ಇವರಿಗೆ ಕೇಳಲು ಸಂಕೋಚ. ಆಕೆಯ ಇಬ್ಬರು ಹೆಣ್ಣುಮಕ್ಕಳು ಒತ್ತಾಯಮಾಡಿ ಒಂದೆರಡು ಹೋಳು ರೊಟ್ಟಿಯನ್ನು ಹೆಚ್ಚಾಗಿ ಬಡಿಸುತ್ತಿದ್ದರಂತೆ. ಇಡೀ ರೊಟ್ಟಿಯೇ ಆದರೂ ಸಾಲದಷ್ಟು ಹಸಿವು ಇವರದು. ಅಲೆದಲೆದು ಒಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಸಸ್ಯಾಹಾರದ ಉಪಾಹಾರಗೃಹವೊಂದನ್ನು ಕಂಡರು. ಅಲ್ಲಿ ಹೊಟ್ಟೆತುಂಬ ಉಂಡರು. ಹೆನ್ರಿ ಸಾಲ್ಟ್ ಎಂಬಾತ ಸಸ್ಯಾಹಾರದ ಪರವಾಗಿ ಬರೆದ ಪುಸ್ತಕವನ್ನು ಅಲ್ಲಿಯೇ ಕೊಂಡು ಓದಿದರು. ಅಲ್ಲಿಯವರೆಗೆ ತಾಯಿಯ ಮಾತಾಗಿದ್ದುದು ಅಂದಿನಿಂದ ಅವರ ಸ್ವಂತ ಮಾತಾಯಿತು. ಮುಂದೆ ಅಲ್ಲಿನ ಸಸ್ಯಾಹಾರಿಗಳ ಸಂಘವನ್ನು ಸೇರಿದರು. ತಾವಿದ್ದ ಬೇಸ್‌ವಾಟರ್ ಭಾಗದಲ್ಲಿ ಪುಟ್ಟದೊಂದು ಕೂಟವನ್ನು ಕಟ್ಟಿ ಅದರ ಕಾರ್ಯದರ್ಶಿಯೂ ಆದರು. ಒಂಟಿಯಾಗಿದ್ದಾಗ ನಾಲಗೆಗೆ ಕಾವಲು ಕಾಯುವುದೇ ಆಗಿದ್ದ ವ್ರತ ಜೊತೆಗಾರರು ದೊರೆತ ಮೇಲೆ ಹಗುರವಾಯಿತು.

ಹಾಲನ್ನು ಬಿಟ್ಟದ್ದಂತೂ ಗೆಳೆಯನ ಮಾತಿನಿಂದಲೇ. ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರಂ ಜೊಹಾನ್ಸ್‌ಬರ್ಗಿನ ಬಳಿ ವಾಸ್ತುಶಿಲ್ಪಿ ಹರ್ಮನ್ ಕ್ಯಾಲನ್‌ಬಾಕ್ 1910ರಲ್ಲಿ ಸತ್ಯಾಗ್ರಹಿಗಳಿಗಾಗಿ ಬಿಟ್ಟುಕೊಟ್ಟ ನೆಲ. ಹಾಲು ಇಂದ್ರಿಯಗಳನ್ನು ಕೆರಳಿಸುತ್ತದೆಂಬ ಭಾವನೆ ಗಾಂಧೀಜಿಗೆ ಮೊದಲಿನಿಂದಲೂ ಇತ್ತು. ಕಲ್ಕತ್ತೆಯ ಕೊಟ್ಟಿಗೆಗಳಲ್ಲಿ ಹಾಲಿಗಾಗಿ ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ವಿವರವನ್ನು ಓದಿದ ಮೇಲೆ ಮನಸ್ಸು ಇನ್ನಷ್ಟು ಕದಡಿತು. ಇದನ್ನು ಗೆಳೆಯನೊಡನೆ ಮತ್ತೆ ಮತ್ತೆ ಮಾತನಾಡುತ್ತಿದ್ದರು. ಹಾಲಿನ ಕೆಡುಕನ್ನು ಕುರಿತು ಇಷ್ಟು ಮಾತನಾಡುವ ನಾವು ಅದನ್ನು ಬಿಟ್ಟುಬಿಡಬಾರದೇಕೆ ಎಂದು ಒಂದು ದಿನ ಕ್ಯಾಲನ್‌ಬಾಕ್ ಕೇಳಿದರು. 1912ರಲ್ಲಿ ಇಬ್ಬರೂ ಅಲ್ಲಿಯೇ, ಆಗಲೇ ಪ್ರತಿಜ್ಞೆಮಾಡಿದರು. ಒಬ್ಬರ ಮನಸ್ಸಿನಲ್ಲಿ ವರ್ಷಗಟ್ಟಲೆ ಹೊರಳಾಡುತ್ತಿದ್ದ ವಿಚಾರವು ಇಬ್ಬರಾದೊಡನೆ ಆಚಾರವಾಯಿತು.

ಆರು ವರ್ಷ ಕಳೆಯಿತು. 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸಲು ಊರೂರು ಅಲೆಯುತ್ತಿದ್ದಾಗ ಗಾಂಧೀಜಿ ಬಹುಮಟ್ಟಿಗೆ ಅರೆದ ಕಡಲೆಕಾಯಿ ಮತ್ತು ನಿಂಬೆಹಣ್ಣುಗಳಿಂದಲೇ ಬದುಕಿದ್ದರು. ಆಮಶಂಕೆ ಹತ್ತಿತು; ದೇಹ ಎಲುಬಿನ ಗೂಡಾಯಿತು. ಬದುಕುವ ಆಸೆಯನ್ನೇ ಒಮ್ಮೆ ಕೈಬಿಟ್ಟಿದ್ದರು. ಶಸ್ತ್ರಚಿಕಿತ್ಸೆಮಾಡಿದ ಡಾಕ್ಟರ್ ದಲಾಲರು, ಹಾಲು ಕುಡಿಯದೆ ಮೈ ಕೂಡಿಬರುವುದಿಲ್ಲವೆಂದು ಸ್ಪಷ್ಟವಾಗಿ ಹೇಳಿದರು. ಪ್ರತಿಜ್ಞೆಮಾಡಿದ್ದೇನಲ್ಲ ಎಂದರು ಗಾಂಧೀಜಿ. ಆಗ ಹಾಸಿಗೆಯ ಬಳಿ ನಿಂತಿದ್ದ ಕಸ್ತೂರಬಾ, ಪ್ರತಿಜ್ಞೆಮಾಡುವಾಗ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲಲ್ಲವೆ, ಆಡಿನ ಹಾಲಿಗೆ ಅಡ್ಡಿಯೇನು ಎಂದರು. ರೌಲತ್ ಶಾಸನದ ವಿರುದ್ಧ ಹೋರಾಡಬೇಕೆಂಬ ಆಸೆ ಬದುಕುವ ಆಸೆಯನ್ನು ಮರಳಿ ಹೊತ್ತಿಸಿತ್ತು. ಗಾಂಧೀಜಿ ಒಪ್ಪಿದರು. ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ನೋವು ಅವರನ್ನು ಕಡೆಯವರೆಗೂ ಬಿಡಲಿಲ್ಲ; ಆಡಿನ ಹಾಲೂ ಬಿಡಲಿಲ್ಲ.

ಈ ಪ್ರಸಂಗವನ್ನು ಓದಿದವರು ಸಾಮಾನ್ಯವಾಗಿ ಕಸ್ತೂರಬಾ ಅವರ ಜಾಣ್ಮೆಗೆ ಮುಗುಳ್ನಗುತ್ತಾರೆ. ಆದರೆ ಇದೇ ಕಸ್ತೂರಬಾ ದಕ್ಷಿಣ ಆಫ್ರಿಕದಲ್ಲಿ ಶಸ್ತ್ರಚಿಕಿತ್ಸೆಯಾಗಿ ಸಾವಿನ ಬಾಗಿಲಲ್ಲಿದ್ದಾಗ, ದನದ ಮಾಂಸದ ಸಾರನ್ನು ಕೊಡಬೇಕೆಂದು ವೈದ್ಯ ಹಟಹಿಡಿದರೂ ಒಪ್ಪದೆ, ಜಿನುಗುವ ಮಳೆಯಲ್ಲಿ ಆಸ್ಪತ್ರೆಯಂಥ ಆ ಆಸರೆಯನ್ನೇ ಬಿಟ್ಟು ಹೊರಟವರು. ತನ್ನ ಪ್ರಾಣಕ್ಕಿಂತ ನಿಯಮ ದೊಡ್ಡದೆಂದ ಆಕೆಗೆ ಗಂಡನ ನಿಯಮಕ್ಕಿಂತ ಗಂಡನ ಪ್ರಾಣ ದೊಡ್ಡದಾಗಿ ಕಂಡಿತು. ಇದನ್ನು ದೌರ್ಬಲ್ಯವೆನ್ನುವ ಎದೆ ಯಾರಿಗಿದೆ? ನಮ್ಮ ಮನೆಗಳಲ್ಲಿ ‘ಒಂದು ಲೋಟ ಮಜ್ಜಿಗೆಯನ್ನಾದರೂ ಕುಡಿ’ ಎಂದು ಕಣ್ಣೀರು ತರುವ ತಾಯಂದಿರೂ ಅದೇ ಸ್ಥಳದಲ್ಲಿ ನಿಂತವರು. ಅವರನ್ನು ವ್ರತದ ವೈರಿಗಳೆಂದು ಭಾವಿಸುವವನಿಗೆ ಮನುಷ್ಯಹೃದಯದ ಪರಿಚಯ ಸಾಲದು.

ಹಾಗಾದರೆ ಅಂದು ಕೊರತೆಯಾದದ್ದು ಏನು? ಸಂಕಲ್ಪವಲ್ಲ, ಪ್ರೀತಿಯೂ ಅಲ್ಲ. ಕೊರತೆಯಾದದ್ದು ತಿಳಿವಳಿಕೆ. ಹಾಲಿನ ಬದಲಿಗೆ ಏನನ್ನು ಉಣ್ಣಬೇಕೆಂದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಲಿನಷ್ಟೇ ಪುಷ್ಟಿಕರವಾಗಿ, ಅಷ್ಟೇ ಸುಲಭವಾಗಿ ಅರಗುವ ಸಸ್ಯಜನ್ಯ ವಸ್ತುವೊಂದನ್ನು ಬಲ್ಲವರು ತಿಳಿಸಬೇಕೆಂದು ಗಾಂಧೀಜಿ ಆತ್ಮಕಥೆಯಲ್ಲಿಯೇ ಓದುಗರನ್ನು ಬೇಡಿಕೊಂಡರು. 1931ರಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಭೆಯಲ್ಲಿ, ಮುದುಕರಾಗಿದ್ದ ಹೆನ್ರಿ ಸಾಲ್ಟರ ಸಮ್ಮುಖದಲ್ಲಿ ಮಾತನಾಡುವಾಗಲೂ, ಹಾಲನ್ನು ಬಿಡಲು ಎಷ್ಟೋ ಸಲ ಯತ್ನಿಸಿ ಸೋತೆನೆಂದೇ ಹೇಳಿದರು.

ಉತ್ತರ ಬಂದದ್ದು ಒಬ್ಬ ಮಹಾಪುರುಷನಿಂದಲ್ಲ, ಕೆಲವು ಸಾಮಾನ್ಯರ ಒಕ್ಕೂಟದಿಂದ. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಎಂಬ ಮರಗೆಲಸದ ಉಪಾಧ್ಯಾಯರೂ ಅವರ ಕೆಲವರು ಸಂಗಡಿಗರೂ, ಹಾಲನ್ನೂ ಬಿಟ್ಟವರಿಗಾಗಿ ಸಸ್ಯಾಹಾರಿಗಳ ಸಂಘದೊಳಗೇ ಒಂದು ಮೂಲೆ ಕೊಡಿರೆಂದು ಕೇಳಿದರು. ಸಿಗಲಿಲ್ಲ. 1944ರ ನವೆಂಬರಿನಲ್ಲಿ, ಯುದ್ಧದ ಪಡಿತರದ ನಡುವೆಯೇ, ತಮ್ಮದೇ ಸಂಘ ಕಟ್ಟಿಕೊಂಡರು. ‘ವೆಜಿಟೇರಿಯನ್’ ಎಂಬ ಇಂಗ್ಲಿಷ್ ಶಬ್ದದ ತಲೆಯನ್ನೂ ಬಾಲವನ್ನೂ ಜೋಡಿಸಿ ‘ವೀಗನ್’ ಎಂಬ ಹೆಸರನ್ನು ಹೊಸೆದರು. ಸಣ್ಣದೊಂದು ವಾರ್ತಾಪತ್ರವನ್ನು ಹೊರಡಿಸಿದರು. 1956ರಲ್ಲಿ ಸಸ್ಯಹಾಲಿಗಾಗಿಯೇ ಅಲ್ಲಿ ಒಂದು ಸಂಸ್ಥೆ ಹುಟ್ಟಿತು. 1965ರಲ್ಲಿ ಅವರ ಸೋಯಾ ಹಾಲು ಮಾರಾಟಕ್ಕೆ ಬಂದಿತು. ಸೋಯಾ ಹಾಲು ಚೀನೀಯರಿಗೆ ಹಳೆಯದಾದರೂ ಆ ನಾಡಿಗೆ ಹೊಸದು. ನಮ್ಮ ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳೂ ಕಡಲೆಕಾಯಿಯಿಂದ ಸಸ್ಯಹಾಲನ್ನು ತೆಗೆಯುವ ಪ್ರಯೋಗ ನಡೆಸಿದರು; ಅವರ ಕಣ್ಣ ಮುಂದಿದ್ದುದು ವ್ರತವಲ್ಲ, ಹಾಲು ಕಾಣದ ಮಕ್ಕಳು.

ಆ ಮೊದಲಿನವರಲ್ಲಿಯೂ ಕೆಲವರು ಕಾಯಿಲೆಬಿದ್ದರು. ಬಿ-12 ಎಂಬ ಜೀವಸತ್ವವನ್ನು ವಿಜ್ಞಾನಿಗಳು ಬೇರ್ಪಡಿಸಿದ್ದು 1948ರಲ್ಲಿ, ಗಾಂಧೀಜಿ ತೀರಿಕೊಂಡ ವರ್ಷ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು; ಕಾಳು ಸೊಪ್ಪುಗಳಲ್ಲಿ ಅದು ನೆಚ್ಚಬಹುದಾದಷ್ಟು ಇಲ್ಲ. ದಿನಕ್ಕೆ ಬೇಕಾಗುವುದು ಎರಡೂವರೆ ಮೈಕ್ರೋಗ್ರಾಮಿಗೂ ಕಡಿಮೆ. ಆದರೆ ಅಷ್ಟು ಇಲ್ಲವಾದರೆ ರಕ್ತ ತೆಳುವಾಗುತ್ತದೆ, ಕೈಕಾಲು ಜೋಮುಹಿಡಿಯುತ್ತದೆ, ನರಗಳು ಕೆಡುತ್ತವೆ. ಪಿತ್ತಕೋಶವಲ್ಲ, ಯಕೃತ್ತು ಅದನ್ನು ಕೂಡಿಟ್ಟುಕೊಂಡಿರುವುದರಿಂದ ಕೊರತೆ ಹೊರಗೆ ಕಾಣಲು ವರ್ಷಗಳೇ ಹಿಡಿಯಬಹುದು. ಇಂದು ಸೂಕ್ಷ್ಮಜೀವಿಗಳಿಂದಲೇ ತಯಾರಾದ ಅಗ್ಗದ ಮಾತ್ರೆ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಹಾಲು ಬಿಡುವವರು ಅದನ್ನು ವೈದ್ಯರ ಸಲಹೆಯಂತೆ ತೆಗೆದುಕೊಳ್ಳಲೇಬೇಕು. ಬಸುರಿ ಬಾಣಂತಿಯರೂ ಎಳೆಯ ಮಕ್ಕಳೂ ಇರುವಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಮಿಕ್ಕುದಕ್ಕೆ ನಮ್ಮ ಅಡುಗೆಮನೆಯೇ ಸಾಕು. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮೀರಿದ ಸುಣ್ಣದ ಅಂಶವಿದೆ. ಎಳ್ಳಿನಲ್ಲಿ ಅದಕ್ಕಿಂತ ಬಹಳ ಹೆಚ್ಚು. ಅವರೆ, ಹುರುಳಿ, ತೊಗರಿ, ಹೆಸರು ಇವು ನಮ್ಮ ಹೊಲದಲ್ಲಿ ಬೆಳೆದವು. ಮುದ್ದೆಗೆ ಸೊಪ್ಪಿನ ಸಾರು, ಜೋಳದ ರೊಟ್ಟಿಗೆ ಶೇಂಗಾ ಚಟ್ನಿ, ಹೋಳಿಗೆಗೆ ಕಾಯಿಹಾಲು: ಇವನ್ನು ಹೆಸರು ಹೇಳದೆಯೇ ಹಾಲಿಲ್ಲದೆ ಉಣ್ಣುತ್ತ ಬಂದ ಮನೆಗಳು ಎಷ್ಟಿಲ್ಲ?

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಇನ್ನೊಂದು ಗಾದೆಯೂ ನಮ್ಮಲ್ಲಿದೆ. ಹಾಲು ಬಿಟ್ಟವರು ಇದರ ಎರಡು ಅರ್ಧಗಳನ್ನೂ ನೆನಪಿನಲ್ಲಿಡಬೇಕು. ಹಸುವಿನ ಮೇಲಿನ ಕರುಣೆಯಿಂದ ಹೊರಟವನು ಎದುರಿಗೆ ಕುಳಿತು ಮೊಸರನ್ನ ಕಲಸುತ್ತಿರುವ ಅಜ್ಜಿಯನ್ನು ಕ್ರೂರಿಯೆಂಬಂತೆ ನೋಡಿದರೆ ಆ ಕರುಣೆ ಎಲ್ಲೋ ದಾರಿತಪ್ಪಿತೆಂದೇ ತಿಳಿಯಬೇಕು. ಕೊಟ್ಟಿಗೆಯ ಎರಡು ಹಸುಗಳ ಹಾಲನ್ನು ಡೈರಿಗೆ ಹಾಕಿ ಮಕ್ಕಳ ಶಾಲೆಯ ಖರ್ಚನ್ನು ತೂಗಿಸುವ ರೈತ ಹೆಂಗಸರು ನಮ್ಮ ಹಳ್ಳಿಹಳ್ಳಿಯಲ್ಲಿದ್ದಾರೆ. ಅವರ ಬದುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಡಿದ ನೀತಿಯ ಮಾತು ಅವರ ಹೊಸಿಲನ್ನು ದಾಟಲಾರದು. ಗಾಂಧೀಜಿ ಲಂಡನ್ನಿನ ಆ ಸಭೆಯಲ್ಲಿ ಒತ್ತಿಹೇಳಿದ್ದೂ ಇದನ್ನೇ: ಆರೋಗ್ಯದ ಆಸೆಗೆ ಮಾತ್ರ ಆಹಾರ ಬದಲಿಸಿದವರು ನಿಲ್ಲುವುದು ಕಷ್ಟ, ನೀತಿಯ ತಳಹದಿ ಬೇಕು, ಆದರೆ ಇತರರನ್ನು ಒಲಿಸಬೇಕೆಂದಿರುವವರಿಗೆ ಸಹನೆಯೂ ಬೇಕು.

ಇನ್ನು ಒತ್ತಾಸೆ ಕೊಡಬೇಕಾದವರ ಮಾತು. ಒತ್ತಾಸೆ ಕೊಡುವುದಕ್ಕೆ ಒಪ್ಪಿಗೆ ಇರಲೇಬೇಕೆಂದಿಲ್ಲ. ಏಕಾದಶಿಯನ್ನು ನಂಬದ ಸೊಸೆಯೂ ಅತ್ತೆಯ ಉಪವಾಸದ ದಿನ ಅವಲಕ್ಕಿ ನೆನೆಸಿಡುವುದುಂಟು; ರಂಜಾನಿನ ತಿಂಗಳಲ್ಲಿ ಗೆಳೆಯನ ಎದುರು ತಿಂಡಿಯ ಡಬ್ಬಿಯನ್ನು ತೆರೆಯದ ಹುಡುಗರುಂಟು. ಅನ್ಯರ ನಿಯಮವನ್ನು ಮನ್ನಿಸುವ ಈ ಮರ್ಯಾದೆ ನಮ್ಮಲ್ಲಿ ಹೊಸದಾಗಿ ಕಲಿಯಬೇಕಾದುದಲ್ಲ. ಹಳೆಯ ವ್ರತಗಳಿಗೆ ಸಲ್ಲುವ ಆ ಮರ್ಯಾದೆಯನ್ನು ಹೊಸ ವ್ರತಕ್ಕೂ ಸಲ್ಲಿಸಿದರೆ ಸಾಕು. ಮಗನ ಅಥವಾ ಮಗಳ ನಿರ್ಧಾರವನ್ನು ‘ಇದೆಷ್ಟು ದಿನದ ಹುಚ್ಚು’ ಎಂದು ಪಂಥ ಕಟ್ಟದಿರುವುದು ಮೊದಲ ಸಹಾಯ. ರಕ್ತಪರೀಕ್ಷೆ ಮಾಡಿಸಿಕೊಂಡೆಯಾ ಎಂದು ಕೇಳುವುದು ಎರಡನೆಯದು. ಇದರಲ್ಲಿ ಆಕ್ಷೇಪಣೆಯಿಲ್ಲ, ಕಾಳಜಿಯಿದೆ. ವಿದ್ಯಾರ್ಥಿನಿಲಯಗಳ ಮೇಲ್ವಿಚಾರಕರೂ ಅಧ್ಯಾಪಕರೂ ಇದರಲ್ಲಿ ಮಾಡಬಹುದಾದದ್ದು ಬಹಳವಿದೆ. ಒಂದೇ ನಿಲಯದಲ್ಲಿ ಇಂಥ ನಾಲ್ವರಿದ್ದರೆ ಅವರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುವುದಕ್ಕೆ ಖರ್ಚೇನೂ ತಗಲುವುದಿಲ್ಲ. ಕ್ಯಾಲನ್‌ಬಾಕ್ ಇಲ್ಲದೆ ಗಾಂಧೀಜಿಗೇ ಆಗದಿದ್ದುದು ಹದಿನೆಂಟರ ಹುಡುಗನಿಗೆ ಒಂಟಿಯಾಗಿ ಆಗಬೇಕೆಂದು ನಿರೀಕ್ಷಿಸುವುದು ಸರಿಯಲ್ಲ.

ಎಲ್ಲರೂ ಹಾಲು ಬಿಡಬೇಕೆಂದು ಈ ಅಂಕಣ ಹೇಳುತ್ತಿಲ್ಲ. ಅದು ಅವರವರ ವಿವೇಕಕ್ಕೆ, ದೇಹಕ್ಕೆ, ಬದುಕಿನ ಸ್ಥಿತಿಗೆ ಸೇರಿದ್ದು. ಆದರೆ ಒಂದು ಮೂಕಪ್ರಾಣಿಯ ನೋವು ತನ್ನ ತಟ್ಟೆಯವರೆಗೆ ಬಂದಿದೆಯೆಂದು ಒಬ್ಬನಿಗೆ ಅನ್ನಿಸಿದಾಗ, ಆ ಅನ್ನಿಸಿಕೆಯನ್ನು ಅವನೊಬ್ಬನೇ ಹೊರಲೆಂದು ಬಿಡುವುದು ಸಂಸಾರದ ಲಕ್ಷಣವಲ್ಲ, ಸಮಾಜದ ಲಕ್ಷಣವೂ ಅಲ್ಲ. ದೊಡ್ಡ ತ್ಯಾಗವನ್ನೇನೂ ಯಾರೂ ಕೇಳುತ್ತಿಲ್ಲ. ಪಲ್ಯಕ್ಕೆ ಎಣ್ಣೆಯ ಒಗ್ಗರಣೆ, ಸಾರಿಗೆ ತುಪ್ಪ ಬೀಳುವ ಮುನ್ನ ಬೇರೆ ತೆಗೆದಿಟ್ಟ ಒಂದು ಬಟ್ಟಲು, ‘ನಿನಗೆಂದು ಇಟ್ಟಿದ್ದೇನೆ’ ಎಂಬ ಒಂದು ಮಾತು. ಇಷ್ಟನ್ನು ಮಾಡಿದ ಮನೆಯಲ್ಲಿ ವ್ರತ ಉಳಿದರೂ ಸಂತೋಷ. ಕಾರಣಾಂತರದಿಂದ ಉಳಿಯದೆಹೋದರೂ ಮನೆ ಉಳಿದಿರುತ್ತದೆ.